ಫಿಲ್ಟರ್ ಮಾವ ಸೋಸದೆ ಬಿಟ್ಟ ಒಂದು ಲೋಟ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಲಾರಿ ಶೆಡ್ಡಿನ ಎಣ್ಣೆ ಕುಡಿದ ನೆಲದ ಮೇಲೆ ಫಿಲ್ಟರ್ ಮಾವ ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟಿದ್ದಾರೆ. ಆ ಕಿವಿಯೋ, ಈ ಭೂಮಂಡಲದಲ್ಲಿ ಅಂಥದ್ದು ಇನ್ನೊಂದಿಲ್ಲ. ಮೂರು ಊರಾಚೆ ಲಾರಿ ಕೆಮ್ಮಿದರೆ ಇವರು ಇಲ್ಲಿ ಸ್ಪ್ಯಾನರ್ ಹುಡುಕುತ್ತಾರೆ. ಟ್ಯಾಂಕಿಗೆ ಡೀಸೆಲ್ ಹಿಂದಿರುಗುವ ಕೊಳವೆ ಬಿಚ್ಚಿ, ಅದರ ಬಾಯಿಗೆ ಬಾಟಲಿ ಹಿಡಿದು ಗಡಿಯಾರ ನೋಡುತ್ತಾರೆ. ಒಂದು ನಿಮಿಷವಾದರೂ ಬಾಟಲಿಯ ತಳ ಮಾತ್ರ ಒದ್ದೆ.

"ಎಂಜಿನ್ ಕುಡಿಯೋದು ಒಂದು ಲೋಟ ಅಂತಿಟ್ಕೊಳ್ಳಿ, ಪಂಪಿಗೆ ಮೂರು ಲೋಟ ಹೋಗ್ಬೇಕು. ಉಳಿದೆರಡು ಪಂಪಿನ ಮೈ ತಣ್ಣಗೆ ಮಾಡಿ ವಾಪಸ್ ಬರುತ್ತೆ. ಬರಲಿಲ್ಲ ಅಂದ್ರೆ ಫಿಲ್ಟರ್ ಉಸಿರು ಕಟ್ಟಿದೆ ಅಂತ."

ಹಳೆಯ ಫಿಲ್ಟರನ್ನು ಗರಗಸದಿಂದ ಕೊಯ್ದು, ಒಳಗಿನ ಮಡಿಕೆ ಕಾಗದ ಬಿಡಿಸಿ ಜಾತಕದಂತೆ ಓದುತ್ತಾರೆ. "ಇದು ನೀರು, ಇದು ತುಕ್ಕು. ಈ ನೂಲು? ಟ್ಯಾಂಕಿನ ಮುಚ್ಚಳ ಕಳೆದು ಬಟ್ಟೆ ತುರುಕಿದ್ದಾನೆ ಮಹಾರಾಯ." ಪಕ್ಕದಲ್ಲೇ ಇದ್ದ ಮಹಾರಾಯ, ಆ ಲಾರಿಯ ಡ್ರೈವರ್, ಆಕಾಶ ನೋಡುತ್ತಾನೆ.

ನಲವತ್ತೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ಹತ್ತು ಲಾರಿ, ಲಾರಿಗೆರಡು ಫಿಲ್ಟರ್: ನೀರಿಗೂ ದಪ್ಪ ಕಸಕ್ಕೂ ಒಂದು, ನುಣ್ಣನೆ ಧೂಳಿಗೆ ಇನ್ನೊಂದು. ಹೊಸದನ್ನು ಖಾಲಿಯಾಗಿಯೇ ಕೂರಿಸಿ, ಕೈಪಂಪು ಒತ್ತೊತ್ತಿ ಡೀಸೆಲ್ ಏರಿಸುತ್ತಾರೆ. ಹೆಬ್ಬೆರಳು ಕೊಕ್ಕೆಯಾಗಿದೆ. ಇಷ್ಟು ಒತ್ತಿದ್ದಕ್ಕೆ ಸಮುದ್ರವೊಂದು ಬೆಟ್ಟ ಹತ್ತಬೇಕಿತ್ತು. ಪೇಪರಿಗೆ ಬರೆಯಲು ಬಂದ ನನ್ನನ್ನು ಮೂರು ಸಲ ಬಾಗಿಲಿಂದಲೇ ಅಟ್ಟಿದವರು ಈ ಬಾರಿ ತಾವಾಗಿ ಕರೆಸಿದ್ದಾರೆ.

ಮುಂದಿನ ಲಾರಿ ಇವರ ತಮ್ಮನ ಮಗಳದು. ಇವತ್ತು ಮೊದಲ ಸಲ ಒಬ್ಬಳೇ ಹೊರಟಿದ್ದಾಳೆ. ಅವಸರದ ಹುಡುಗಿ ಹೊಸ ಫಿಲ್ಟರಿನ ನಡುವಿನ ತೂತಿಗೆ ಕ್ಯಾನ್ ಬಗ್ಗಿಸುತ್ತಾಳೆ. ಮಾವ ಹಾರಿ ಅವಳ ಮಣಿಕಟ್ಟು ಹಿಡಿಯುತ್ತಾರೆ.

"ಅಯ್ಯೋ, ಕೈ ಬಿಡಿ ದೊಡ್ಡಪ್ಪ! ಎಲ್ರೂ ಹೀಗೇ ತುಂಬಿಸ್ತಾರಲ್ಲ?"

"ಸುತ್ತಲಿನ ಸಣ್ಣ ತೂತಿಂದ ಹೋದದ್ದು ಸೋಸ್ಕೊಂಡು ಬರುತ್ತೆ ಮಗಳೇ. ನಡುವೆ ಸುರಿದ್ರೆ ಕಸ ನೇರ ಪಂಪಿಗೇ." ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಾರೆ. "ನಿಮ್ಮಪ್ಪನ ಲಾರಿಗೆ ಅವತ್ತು ಹೀಗೇ ಸುರಿದೆ ನಾನು. ಲೋಡ್ ಕಾಯ್ತಿತ್ತು. ಒಂದೇ ಲೋಟ."

ಇಲ್ಲಿಂದ ಮುಂದಕ್ಕೆ ಒಂದು ಹನಿ ಉತ್ಪ್ರೇಕ್ಷೆ ಬೆರೆಸಲೂ ನನಗೆ ಧೈರ್ಯವಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಆ ಲಾರಿ ಏರಿನಲ್ಲಿ ಎಂಜಿನ್ ನಿಂತು, ಹಿಂದಕ್ಕೆ ಜಾರಿ ಹಳ್ಳಕ್ಕೆ ಬಿತ್ತು. ತಮ್ಮನ ಒಂದು ಕಾಲು ಹೋಯಿತು. ಸ್ಟಿಯರಿಂಗ್ ಹಿಡಿದು ನಿದ್ದೆ ಮಾಡಿದ ಎಂದರು. ಈಗಾತ ಕಾರ್ಖಾನೆಯೊಂದರ ಗೇಟು ಕಾಯುತ್ತಾನೆ. ಜನ ಕರೆಯುವುದು 'ತೂಕಡಿಕೆ' ಎಂದು. ಮಗಳು ಕೆಲಸ ಕೇಳಲು ಹೋದಾಗಲೂ ಮಾಲೀಕ ನಕ್ಕಿದ್ದ: "ತೂಕಡಿಕೆ ಮಗಳಾ? ನೀನೂ ಗೊರಕೆ ಹೊಡೀತೀಯೇನಮ್ಮ?"

"ಆಮೇಲೆ ಆ ಲಾರಿ ಪಂಪ್ ಬಿಚ್ಚಿದವನೂ ನಾನೇ. ಕೂದಲೂ ತೂರದ ಸಂದಿ ಅದು. ಒಳಗಿನ ಕಡ್ಡಿ ಕಸದಿಂದ ಗೀರು ಬಿದ್ದು ಕಚ್ಕೊಂಡಿತ್ತು. ಕೆಲಸ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ."

ಹುಡುಗಿ ಕ್ಯಾನ್ ಕೆಳಗಿಡುತ್ತಾಳೆ. ಖಾಲಿ ಫಿಲ್ಟರ್ ಕೂರಿಸಿ ಕೈಪಂಪು ಒತ್ತತೊಡಗುತ್ತಾಳೆ.

"ಅಪ್ಪಂಗೆ ಹೇಳಿದೀರಾ?"

"ಎಷ್ಟೋ ಸಲ ಹೋದೆ. ಗೇಟ್ ತೆಗೆದು 'ಬಾರಣ್ಣ, ಟೀ ಕುಡಿಯೋಣ' ಅಂತಾನೆ. ಕುಡಿದು ಬರ್ತೀನಿ."

ಆಮೇಲೆ ನನ್ನತ್ತ ತಿರುಗುತ್ತಾರೆ. "ನನ್ನ ಹೊಗಳಿದ್ದೆಲ್ಲ ಹೊಡೆದುಹಾಕಿ ಸ್ವಾಮಿ. ಒಂದು ಮಾತು ಬಿಡಬೇಡಿ. ಅವತ್ತು ನನ್ನ ತಮ್ಮ ಎಚ್ಚರ ಇದ್ದ."

ಎಂಜಿನ್ ಹತ್ತಿಕೊಳ್ಳುತ್ತದೆ. ಮಾವ ಕೊಳವೆಗೆ ಬಾಟಲಿ ಹಿಡಿಯುತ್ತಾರೆ. ಅದು ಕತ್ತಿನವರೆಗೆ ತುಂಬುತ್ತದೆ. ಹುಡುಗಿ ಕಿಟಕಿಯಿಂದ ತಲೆ ಹೊರಹಾಕಿ, ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡು ಹೇಳುತ್ತಾಳೆ:

"ಭಾನುವಾರದ ಪೇಪರನ್ನ ಅಪ್ಪ ಒಂದಕ್ಷರ ಬಿಡದೆ ಓದ್ತಾರೆ, ದೊಡ್ಡಪ್ಪ."

"ಗೊತ್ತು. ಅದಕ್ಕೇ ಇವರನ್ನ ಕರೆಸಿದ್ದು."