ಹದಿನೈದನೆಯ ಕೋಲು

ಟೋಟೆಮ್ ಲೇಕ್‌ನ ನಮ್ಮ ಮನೆಯ ಹಿಂದೆ ಆಗಿನ್ನೂ ಫರ್ ಮರಗಳ ಸಾಲು ಉಳಿದಿತ್ತು. ಬೆಳಿಗ್ಗೆ ಶಾಲೆಯ ಬಸ್ಸು ಬರುವ ಹೊತ್ತಿಗೂ ಮಂಜು ಆ ಮರಗಳ ನಡುವೆ ಒಣಗಹಾಕಿದ ಪಂಚೆಯ ಹಾಗೆ ತೂಗುತ್ತಿರುತ್ತಿತ್ತು. ಅಂಥದೊಂದು ಅಕ್ಟೋಬರಿನಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ, ನಮ್ಮ ಮನೆಯ ಕೆಳಗಿನ ಕೋಣೆಗೆ ಲೊರೆಂಜೊ ಬಂದ.

ಅವನು ಇಟಲಿಯವನು. ಇಪ್ಪತ್ತೆರಡರ ವಯಸ್ಸು, ಗಾಲ್ಫ್ ಆಡುವುದೇ ಉದ್ಯೋಗ. ಎವರೆಟ್ ಕಡೆಯ ಮೈದಾನವೊಂದರಲ್ಲಿ ನಾಲ್ಕು ದಿನಗಳ ಅರ್ಹತಾ ಪಂದ್ಯವಿತ್ತು. ಅದರಲ್ಲಿ ಗೆದ್ದು ಬಂದವರಿಗೆ ಮಾತ್ರ ಮುಂದಿನ ವರ್ಷ ದೊಡ್ಡ ಪಂದ್ಯಗಳ ಬಾಗಿಲು ತೆರೆಯುತ್ತಿತ್ತು. ಹೀಗೆ ದೂರದಿಂದ ಬರುವ ಹುಡುಗರನ್ನು ಮೈದಾನದ ಸದಸ್ಯರು ತಮ್ಮ ಮನೆಗಳಲ್ಲಿ ಇರಿಸಿಕೊಳ್ಳುವ ರೂಢಿ ಅಲ್ಲಿದೆ. ಓವರ್‌ಲೇಕ್‌ನ ಆಫೀಸಿನ ಗೆಳೆಯರ ಜೊತೆ ಭಾನುವಾರ ಆಡಲು ಹೋಗಿ, ಇದ್ದ ಚೆಂಡುಗಳನ್ನೆಲ್ಲ ಕೆರೆಗೆ ಹಾಕಿ ಬರುತ್ತಿದ್ದ ಅಪ್ಪ ಎಲ್ಲರಿಗಿಂತ ಮೊದಲು ಕೈ ಎತ್ತಿಬಿಟ್ಟಿದ್ದರು.

ಮಂಡ್ಯದಿಂದ ಆರು ತಿಂಗಳಿಗೆಂದು ಬಂದಿದ್ದ ಅಜ್ಜಿ ಮೊದಲ ದಿನವೇ ವಿಚಾರಣೆ ನಡೆಸಿದರು.

"ಏನ್ ಕೆಲ್ಸ ಈ ಹುಡ್ಗಂದು?"

"ಗಾಲ್ಫ್ ಆಡ್ತಾನಮ್ಮ. ಕೋಲಲ್ಲಿ ಚೆಂಡು ಹೊಡೆದು ಗುಂಡಿಗೆ ಹಾಕೋದು," ಎಂದರು ಅಪ್ಪ.

"ಆಟ ಗೊತ್ತಾಯ್ತು. ಕೆಲ್ಸ ಏನು ಅಂದೆ."

"ಅದೇ ಕೆಲ್ಸ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅದಕ್ಕೇ ಇಂಗೆ ಕಡ್ಡಿ ಆಗವ್ನೆ. ಕೂತ್ಕೊ ಮಗ, ಒಸಿ ಉಣ್ಣು."

ಅವನು ಕೂತು ಉಂಡ. ಅವನ ಇಂಗ್ಲಿಷನ್ನು ಅಜ್ಜಿಗೆ ಕನ್ನಡ ಮಾಡಿ ಹೇಳುವುದು ನನ್ನ ಪಾಲಿಗೆ ಬಂತು. ಇಲ್ಲಿ ಬರೆಯುತ್ತಿರುವ ಅವನ ಮಾತುಗಳೂ ಹಾಗೆ ನನ್ನ ಬಾಯಿಂದ ದಾಟಿ ಬಂದವು.

ಸಂಜೆ ಶಾಲೆಯಿಂದ ಬಂದರೆ ಮನೆಯಲ್ಲಿ ಅಜ್ಜಿಯ ಒಗ್ಗರಣೆಯ ವಾಸನೆ, ಕೆಳಗಿನ ಕೋಣೆಯಿಂದ ಒದ್ದೆ ಹುಲ್ಲಿನ ವಾಸನೆ. ಅವನ ಶೂಗಳಿಗೆ ಮೇಪಲ್ ಎಲೆಗಳು ಅಂಟಿರುತ್ತಿದ್ದವು. ಒಂದು ಹಳೆಯ ಕ್ಲಬ್ಬನ್ನು, ಅಂದರೆ ಗಾಲ್ಫ್ ಕೋಲನ್ನು, ನನ್ನ ಎತ್ತರಕ್ಕೆ ಕತ್ತರಿಸಿ, ಹಿಡಿಗೆ ನೇರಳೆ ಟೇಪು ಸುತ್ತಿ ಕೊಟ್ಟಿದ್ದ. ಹಾಲಿನ ಕಾರ್ಪೆಟ್ಟಿನ ಆ ತುದಿಯಲ್ಲಿ ಅಜ್ಜಿಯ ಸ್ಟೀಲ್ ಲೋಟವನ್ನು ಮಲಗಿಸಿ, ಈ ತುದಿಯಿಂದ ಇಬ್ಬರೂ ಚೆಂಡು ಉರುಳಿಸುತ್ತಿದ್ದೆವು. ಒಳಗೆ ಹೋದರೆ ಟಣ್ ಎನ್ನುತ್ತಿತ್ತು.

"ಹೊಡೆಯುವಾಗ ಚೆಂಡನ್ನು ನೋಡು," ಎನ್ನುತ್ತಿದ್ದ.

"ಹೊಡೆದ ಮೇಲೆ?"

"ಆಗಲೂ ಚೆಂಡಿದ್ದ ಜಾಗವನ್ನೇ ನೋಡು. ಒಳಗೆ ಹೋಯಿತೋ ಇಲ್ಲವೋ ಕಿವಿಗೆ ಗೊತ್ತಾಗುತ್ತೆ."

ಒಂದು ದಿನ ಊಟದ ನಡುವೆ, ಯಾರೂ ಕೇಳದೆಯೇ, ಇದು ತನ್ನ ಕೊನೆಯ ಪ್ರಯತ್ನ ಎಂದ. ಎರಡು ಸಲ ಬೇರೆ ಕಡೆ ಆಡಿ ಸೋತಿದ್ದನಂತೆ. ಈ ಸಲವೂ ಆಗದಿದ್ದರೆ ಊರಿಗೆ ಹೋಗಿ ಮಾವನ ಜೊತೆ ಟೈಲ್ಸ್ ಹಾಕುವ ಕೆಲಸಕ್ಕೆ ಸೇರುತ್ತೇನೆಂದು ತನ್ನ ಅಮ್ಮನಿಗೆ ಮಾತು ಕೊಟ್ಟು ಬಂದಿದ್ದ. ನಾನು ಅದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಅವನ ತಟ್ಟೆಗೆ ಇನ್ನೊಂದು ಸೌಟು ಹುಳಿ ಹಾಕಿದರು.

ಪಂದ್ಯದ ಮುನ್ನಾದಿನವೇ ಆಯುಧ ಪೂಜೆ. ಅಜ್ಜಿ ಹಾಲಿನಲ್ಲಿ ಬಿಳಿ ಬೆಡ್‌ಶೀಟ್ ಹಾಸಿ ಅಪ್ಪನ ಲ್ಯಾಪ್‌ಟಾಪು, ಕಾರಿನ ಕೀಲಿ, ಅಮ್ಮನ ಮಿಕ್ಸಿ, ಈಳಿಗೆಮಣೆ ಎಲ್ಲವನ್ನೂ ಜೋಡಿಸಿದ್ದರು. ಲೊರೆಂಜೊ ಅಭ್ಯಾಸಕ್ಕೆ ಹೊರಟವನು ಬಾಗಿಲಲ್ಲೇ ನಿಂತು ನೋಡಿದ.

"ಏನಿದು?"

"ಕೆಲಸ ಮಾಡೋ ಸಾಮಾನುಗಳಿಗೆ ಪೂಜೆ. ನಾಳೆ ಬೆಳಿಗ್ಗೆಯವರೆಗೆ ಅವನ್ನ ಯಾರೂ ಮುಟ್ಟಬಾರದು," ಎಂದೆ.

"ಅವಕ್ಕೂ ಒಂದಿನ ರಜ ಬ್ಯಾಡ್ವಾ ಅಂತ ಕೇಳು ಅವನ್ನ," ಎಂದರು ಅಜ್ಜಿ.

ಅಪ್ಪ ತಡೆದರು. "ಅಮ್ಮಾ, ನಾಳೆ ಅವನಿಗೆ ಪಂದ್ಯ ಇದೆ. ಪ್ರಾಕ್ಟೀಸ್ ಮಾಡ್ಬೇಕು."

ನಾನು ಅಜ್ಜಿಯ ಮಾತನ್ನು ಹೇಳಿಯಾಗಿತ್ತು. ಲೊರೆಂಜೊ ಹೆಗಲಿನ ಚೀಲವನ್ನು ಬಾಗಿಲ ಒಳಗಿಟ್ಟ. ಆಮೇಲೆ ಶೂ ಕಳಚಿ, ಒಳಗೆ ಬಂದು, ಚೀಲದಿಂದ ಹದಿನಾಲ್ಕು ಕ್ಲಬ್ಬುಗಳನ್ನು ಒಂದೊಂದಾಗಿ ತೆಗೆದು ಬೆಡ್‌ಶೀಟಿನ ಮೇಲೆ ಮಲಗಿಸಿದ. ಹದಿನಾಲ್ಕಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಆಟದ ನಿಯಮ ಬಿಡುವುದಿಲ್ಲ. ಅಜ್ಜಿ ಪ್ರತಿಯೊಂದಕ್ಕೂ ಕುಂಕುಮವಿಟ್ಟು, ಸೇವಂತಿಗೆ ಏರಿಸಿದರು. ನನ್ನ ನೇರಳೆ ಹಿಡಿಯದನ್ನೂ ಅವುಗಳ ಪಕ್ಕದಲ್ಲೇ ಇಟ್ಟರು. ಆ ಸಂಜೆ ಇಡೀ ಮನೆ ಕರ್ಪೂರದ ಹೊಗೆಯಲ್ಲಿ ತೇಲುತ್ತಿತ್ತು. ಆಡಲು ಏನೂ ಇಲ್ಲದ ಆಟಗಾರ ಕಿಟಕಿಯ ಬಳಿ ಕೂತು ನನ್ನ ಜೊತೆ ಕಡಲೆ ಉಸಲಿ ತಿಂದ.

ವಿಜಯದಶಮಿಯ ಬೆಳಿಗ್ಗೆ ಸಣ್ಣಗೆ ಜಿನುಗುತ್ತಿತ್ತು. ಚೀಲ ಹೊರಲು ಅಪ್ಪ ರಜೆ ಹಾಕಿದ್ದರು; ಹಟ ಮಾಡಿ ನಾನೂ ಶಾಲೆ ತಪ್ಪಿಸಿ ಹೊರಟಿದ್ದೆ. ಮಂಗಳಾರತಿ ಮುಗಿದ ಕೂಡಲೇ ಅಪ್ಪ ಕ್ಲಬ್ಬುಗಳನ್ನು ಕಬ್ಬಿನ ಹೊರೆಯಂತೆ ಎರಡೂ ತೋಳಿನಲ್ಲಿ ಬಾಚಿ ಚೀಲಕ್ಕಿಳಿಸಿ, ಮಳೆಯ ಹೊದಿಕೆ ಹಾಕಿ ಅದರ ಒತ್ತುಗುಂಡಿಗಳನ್ನು ಮುಚ್ಚಿದರು. ನಾನು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದೆ. ಲೊರೆಂಜೊ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡುತ್ತಿದ್ದ.

ಮೈದಾನದಲ್ಲಿ ಹುಲ್ಲು ಯಾವುದು, ಮಂಜು ಯಾವುದು ಎಂದು ಬೇರೆ ಮಾಡುವಂತಿರಲಿಲ್ಲ. ಬಾತುಗಳು ದಾರಿ ಬಿಡದೆ ನಡೆಯುತ್ತಿದ್ದವು. ಹತ್ತಿರದ ವಿಮಾನ ಕಾರ್ಖಾನೆಯಿಂದ ಎದ್ದ, ಇನ್ನೂ ಬಣ್ಣ ಬಳಿಯದೆ ಬರಿಯ ಹಸಿರು ಲೇಪದಲ್ಲಿದ್ದ ಹೊಸ ವಿಮಾನವೊಂದು ಮೋಡದೊಳಗೆ ನಿಧಾನವಾಗಿ ಸೇರಿಹೋಯಿತು. ಮೊದಲನೆಯ ಗುಂಡಿಯನ್ನು ಲೊರೆಂಜೊ ಚೆನ್ನಾಗಿ ಮುಗಿಸಿದ. ಎರಡನೆಯದರ ಅರ್ಧ ದಾರಿಯಲ್ಲಿ ಏಳನೇ ನಂಬರಿನ ಕ್ಲಬ್ ಕೇಳಿದ. ಅಪ್ಪ ಹೊದಿಕೆಯೊಳಗೆ ಕೈ ಹಾಕಿ ಹುಡುಕಿದರು. ಹುಡುಕುತ್ತಿದ್ದ ಕೈ ನಿಂತಿತು. ಹೊರಗೆ ಬಂದದ್ದು ನನ್ನ ನೇರಳೆ ಹಿಡಿ.

ಜೊತೆಗಾರ ಆಟಗಾರ ದೂರದಲ್ಲಿ ಮರಗಳ ಕೆಳಗೆ ತನ್ನ ಚೆಂಡು ಹುಡುಕುತ್ತಿದ್ದ. ಅಪ್ಪ ಸುತ್ತ ನೋಡಿದರು. "ಇದು ಮಗುವಿನ ಆಟದ ಸಾಮಾನು," ಎಂದು ಪಿಸುಗುಟ್ಟಿದರು. "ಲೆಕ್ಕಕ್ಕಿಲ್ಲ. ನನ್ನ ಕೋಟಿನೊಳಗೆ ಇಟ್ಟುಕೊಳ್ಳುತ್ತೇನೆ."

ಲೊರೆಂಜೊ ಅದನ್ನು ಕೈಗೆ ತೆಗೆದುಕೊಂಡ. ನನ್ನ ಕಡೆ ನೋಡಿದ.

"ಇದರಲ್ಲಿ ಚೆಂಡು ಹೋಗುತ್ತಲ್ಲ," ಎಂದ. "ಇವಳು ಹೊಡೆಯುತ್ತಾಳೆ."

ಕೈ ಎತ್ತಿ ತೀರ್ಪುಗಾರರನ್ನು ಕರೆದ. ಮಳೆಯಂಗಿ ತೊಟ್ಟ ಹೆಂಗಸೊಬ್ಬರು ಪುಟ್ಟ ಗಾಡಿಯಲ್ಲಿ ಬಂದು, ಆ ಕ್ಲಬ್ಬನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಟಿದ್ದ ಸೇವಂತಿಗೆಯ ಎಸಳನ್ನು ಬೆರಳಿನಿಂದ ಬಿಡಿಸಿದರು. "ಎಷ್ಟು ನೀಟಾಗಿ ಕತ್ತರಿಸಿದ್ದಾರೆ. ಯಾರು?"

"ನಾನೇ."

ಅವರು ಕ್ಲಬ್ಬನ್ನು ಅವನ ಕೈಗೆ ಮರಳಿಸಿದರು. ಆಮೇಲೆ, ಗುಂಡಿಗೆ ಎರಡರಂತೆ, ನಾಲ್ಕು ಹೊಡೆತಗಳ ದಂಡ ಹೇಳಿದರು. ಅಪ್ಪನ ಬಾಯಿಂದ "ತಪ್ಪು ನಂದು" ಎಂಬ ಮಾತು ಕನ್ನಡದಲ್ಲೇ ಬಂತು. ಅರ್ಥವಾದವನಂತೆ ಲೊರೆಂಜೊ ಉತ್ತರ ಕೊಟ್ಟ: "ಎಣಿಸಬೇಕಾದವನು ನಾನು." ಏಳನೇ ನಂಬರನ್ನು ತಾನೇ ತೆಗೆದುಕೊಂಡು ಹೊಡೆದ. ಹೊಡೆದ ಮೇಲೂ ಚೆಂಡಿದ್ದ ಜಾಗವನ್ನೇ ನೋಡುತ್ತಿದ್ದ.

ನಾಲ್ಕು ದಿನ ಆಡಿ ಅವನು ಮೂರು ಹೊಡೆತಗಳಿಂದ ಹೊರಗುಳಿದ.

ಕೊನೆಯ ದಿನ ಸಂಜೆ ಕಾರು ಬಂದು ನಿಂತಿತು, ಅಪ್ಪ ಇಳಿಯಲಿಲ್ಲ. ಲೊರೆಂಜೊ ಒಬ್ಬನೇ ಒಳಗೆ ಬಂದ. ಅಜ್ಜಿ ಕೈಯೊರೆಸಿಕೊಳ್ಳುತ್ತ ಅಡುಗೆಮನೆಯಿಂದ ಓಡಿಬಂದರು. "ಏನಾಯ್ತು ಕೇಳು ಮಗ, ಬೇಗ ಕೇಳು."

ಅವನು ನನಗೆ ಮೆಲ್ಲಗೆ ಹೇಳಿದ: "ಚೆನ್ನಾಗಿ ಆಯಿತು ಅಂತ ಹೇಳು."

ನಾನು ಅವನ ಮುಖ ನೋಡಿದೆ. ಅವನು ತಲೆಯಾಡಿಸಿದ. ನಾನು ಹೇಳಿದೆ.

"ನಾನೇಳ್ಲಿಲ್ವಾ! ತಾಯಿ ಕೈ ಬಿಡಾಕಿಲ್ಲ," ಎಂದು ಅಜ್ಜಿ ಅವನ ಕೆನ್ನೆ ಸವರಿ ನೆಟಿಗೆ ಮುರಿದರು. ಬಿಸಿ ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಸುರಿದರು. ಅವನು ತಿಂದು, ಇನ್ನೊಂದು ಕೇಳಿದ.

ಅಜ್ಜಿ ತೀರಿಕೊಳ್ಳುವವರೆಗೂ ಆ ಹುಡುಗ ದೊಡ್ಡ ಆಟಗಾರನಾಗಿದ್ದಾನೆಂದೇ ನಂಬಿದ್ದರು. ಅವನು ಊರಿಗೆ ಹೋಗಿ ಮಾವನ ಕೆಲಸಕ್ಕೆ ಸೇರಿದ. ಈಗಲೂ ವರ್ಷಕ್ಕೊಮ್ಮೆ, ದಸರಾ ಹೊತ್ತಿಗೆ, ತಾನು ಹಾಕಿದ ನೆಲವೊಂದರ ಫೋಟೋ ಕಳಿಸುತ್ತಾನೆ. ಅಪ್ಪ ಅದನ್ನು ದೊಡ್ಡದು ಮಾಡಿ, ಕನ್ನಡಕ ಸರಿಸಿ, ಟೈಲುಗಳ ಸಂದುಗಳನ್ನು ನೋಡುತ್ತಾರೆ. ಸಾಲು ಎಲ್ಲೂ ತಪ್ಪಿರುವುದಿಲ್ಲ. ಅಪ್ಪ ಆ ವರ್ಷದ ನಂತರ ಗಾಲ್ಫ್ ಆಡಲಿಲ್ಲ. ಹಬ್ಬದ ದಿನ ತಮ್ಮ ವಸ್ತುಗಳನ್ನಷ್ಟೇ ಇಟ್ಟು, ಬೇಗ ಮುಗಿಸಿ ಎತ್ತಿಬಿಡುತ್ತಿದ್ದರು.

ಹೋದ ವರ್ಷ ನನ್ನ ಅಪಾರ್ಟ್‌ಮೆಂಟಿನಲ್ಲಿ ನಾನೂ ಚಿಕ್ಕದಾಗಿ ಪೂಜೆ ಮಾಡಿದೆ. ಪಕ್ಕದ ಮನೆಯ ನರ್ಸ್ ಹುಡುಗಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ವಿಚಾರಿಸಿದಳು. ಆಮೇಲೆ ಕೊರಳಲ್ಲಿದ್ದ ಸ್ಟೆತಸ್ಕೋಪ್ ತೆಗೆದು, ಎರಡೂ ಕೈಯಲ್ಲಿ ಹಿಡಿದು, "ಇದನ್ನೂ ಇಡಬಹುದಾ?" ಎಂದಳು.

ನನ್ನ ಕೈ ಮುಂದೆ ಹೋಗಲಿಲ್ಲ. "ನಾಳೆ ನಿನಗೆ ಡ್ಯೂಟಿ ಇರುತ್ತಲ್ಲ," ಎಂದೆ.

"ಹೌದಲ್ಲ," ಎಂದು ನಕ್ಕು ಅವಳು ಅದನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು.