ಪರದೆಯಿಂದ ಇಳಿದ ಸಾಂತಪ್ಪ

ಮೂರ್ನಾಡಿನ ಸಂತೆಬೀದಿಯಲ್ಲಿ ಫೋಟೋ ತೆಗೆಯುತ್ತಿದ್ದ ಸಣ್ಣಸ್ವಾಮಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು, ಕಸುಬು ಬೆರಳ ತುದಿಯಲ್ಲಿ. ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ಬೇಸಾಯಕ್ಕೆ ನಿಂತ ಮನೆತನ. ಅಣ್ಣಂದಿರು ನೇಗಿಲು ಹಿಡಿದರು. ಇವನು ಅಪ್ಪನ ಮೇಲೆ ಮುನಿಸಿಕೊಂಡು ಮನೆಬಿಟ್ಟು ಬಂದು ಕ್ಯಾಮೆರಾ ಹಿಡಿದ. ಕುರ್ಚಿಯಲ್ಲಿ ಕೂತವರು ರೆಪ್ಪೆ ಬಡಿದರೆ ಸಾಕು, "ಏನ್ರೀ, ಕಣ್ಣಲ್ಲಿ ನೊಣ ಓಡಿಸ್ತಾ ಇದ್ದೀರಾ?" ಎಂದು ಗದರುತ್ತಿದ್ದ.

ಆದರೂ ಜನ ಅವನಲ್ಲಿಗೇ ಬರುತ್ತಿದ್ದರು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಅವನು ಸಿಡುಬಿನ ಕಲೆ ಅಳಿಸುತ್ತಿದ್ದ, ಕೆನ್ನೆಯ ಗುಳಿ ತುಂಬುತ್ತಿದ್ದ, ಮುಚ್ಚಿದ ಕಣ್ಣು ತೆರೆಸುತ್ತಿದ್ದ. ದೇವರು ಅವಸರದಲ್ಲಿ ಬಿಟ್ಟುಹೋದ ಕೆಲಸವನ್ನು ಸಣ್ಣಸ್ವಾಮಿ ಮುಗಿಸಿಕೊಡುತ್ತಾನೆ ಅಂತ ಸಂತೆಯಲ್ಲಿ ಮಾತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೂರನೇ ಬೇಸಿಗೆ. ಕೊಯ್ಲಾದ ಗದ್ದೆಯಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತ್ತು. ಆವತ್ತು ಸೋಮವಾರ, ಸಂಜೆಯ ಆಟ. ಸಿನಿಮಾಕ್ಕೆ ಮೊದಲು ಸರ್ಕಾರದ ವಾರ್ತಾಚಿತ್ರ ಬಂತು. ಎಲ್ಲೋ ಅಣೆಕಟ್ಟು ಕಟ್ಟುತ್ತಿದ್ದರು. ಒಂದು ಲಾರಿ ಬಂದು ನಿಂತಿತು. ಡ್ರೈವರ್ ಇಳಿದು ಟವಲಿನಲ್ಲಿ ಮುಖ ಒರೆಸಿಕೊಂಡು ಈ ಕಡೆ ತಿರುಗಿ ನಕ್ಕ. ಅಷ್ಟೇ, ಬಾಯಲ್ಲಿ ಎಲೆಅಡಿಕೆ ತಿರುಗಿಸುವಷ್ಟು ಹೊತ್ತು.

"ಅಯ್ಯೋ, ಅವರೇ!" ಹೆಂಗಸರ ಕಡೆಯಿಂದ ಒಬ್ಬಳು ಎದ್ದು ನಿಂತಳು.

"ಕೂತ್ಕಳಮ್ಮ, ಕಾಣಲ್ಲ!" ಹಿಂದಿನವರು ಕೂಗಿದರು.

ಮಾರನೆಯ ಬೆಳಿಗ್ಗೆ ಸಣ್ಣಸ್ವಾಮಿ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಹೆಸರು ಬೊಳ್ಳಮ್ಮ, ಊರಾಚೆ ತಗ್ಗಿನಲ್ಲಿ ಗದ್ದೆ ಇದ್ದ ಗೌಡರ ಮನೆಯ ಸೊಸೆ. ಅವಳ ಗಂಡ ಸಾಂತಪ್ಪ ಲಾರಿ ಓಡಿಸಲು ಅಣೆಕಟ್ಟಿಗೆ ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಸುದ್ದಿ ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ಮುಖ ನೋಡಲು ಸಿಕ್ಕಿರಲಿಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿ ಅಂತ ಅತ್ತೆ ಒಂದನ್ನೂ ತೆಗೆಸಗೊಟ್ಟಿರಲಿಲ್ಲ.

"ನೀವು ಆ ಪರದೆ ಮೇಲಿಂದ ಅವರನ್ನ ತೆಗೆದುಕೊಡಿ ಅಣ್ಣ," ಎಂದಳು. "ಮಗಳಿಗೆ ಐದು ವರ್ಷ. ಅಪ್ಪ ಹೇಗಿದ್ರು ಅಂತ ಕೇಳ್ತದೆ. ನಾನು ಬಾಯಲ್ಲಿ ಎಷ್ಟು ಅಂತ ಹೇಳಲಿ?"

"ಅದೇನು ಗೋಡೆ ಮೇಲಿನ ಕ್ಯಾಲೆಂಡರಾ, ಮೊಳೆಯಿಂದ ಇಳಿಸಿ ಕೊಡಾಕೆ?" ಎಂದು ಸಣ್ಣಸ್ವಾಮಿ ರೇಗಿದ. ಅವಳು ಏಳಲಿಲ್ಲ. ಅವನೇ ಎದ್ದು ಡೇರೆಗೆ ಹೋದ.

ಸಿನಿಮಾ ಬಿಡುವ ಆಪರೇಟರ್ ಮರುಳಸಿದ್ದಪ್ಪ ಕೈ ಅಡ್ಡ ಆಡಿಸಿದ. "ರೀಲ್ ನಿಲ್ಸಕ್ಕಾಗಲ್ಲ ಮಾರಾಯ, ಕಾವಿಗೆ ಸುಟ್ಟೋಗ್ತದೆ. ಕತ್ತರಿಸಿ ಕೊಡೋಣ ಅಂದ್ರೆ ನನ್ನ ಕೆಲಸಾನೇ ಕತ್ತರಿಸ್ತಾರೆ. ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆ ಹೊರಟೋಗ್ತದೆ, ಇನ್ನು ಈ ಕಡೆ ಬರಲ್ಲ. ಮೂರು ಸಂಜೆ ಇವೆ. ಓಡೋವಾಗಲೇ ಹಿಡ್ಕೊ."

ಪರದೆಯ ಬೆಳಕು ನಿಂತ ಬೆಳಕಲ್ಲ, ಪಟಪಟನೆ ಬಡಿದುಕೊಳ್ಳುವ ಬೆಳಕು. ಕ್ಯಾಮೆರಾದ ಕಣ್ಣು ಬೇಗ ಮುಚ್ಚಿದರೆ ಚಿತ್ರದ ಅರ್ಧ ಕಪ್ಪು; ನಿಧಾನ ಮುಚ್ಚಿದರೆ ಅಲುಗಿದ ಮನುಷ್ಯ ಹೊಗೆ. ಮಂಗಳವಾರ ಸಾಂತಪ್ಪನಿಗೆ ಸೊಂಟದಿಂದ ಮೇಲೆ ಏನೂ ಇರಲಿಲ್ಲ. ಬುಧವಾರ ಟವಲು ಸ್ಪಷ್ಟವಾಗಿ ಬಂತು, ಮುಖ ಮಾತ್ರ ಮಂಜಾಗಿ ಕರಗಿತ್ತು.

"ನಿನ್ನ ಗಂಡ ಒಂದು ಗಳಿಗೆ ಸುಮ್ಕೆ ನಿಲ್ಲಲ್ವಲ್ಲವ್ವ!" ಸಣ್ಣಸ್ವಾಮಿ ಒದ್ದೆ ನೆಗೆಟಿವ್ ಬೀಸಿ ಕೂಗಿದ.

"ಇದ್ದಾಗಲೂ ನಿಂತವರಲ್ಲ," ಎಂದು ಬೊಳ್ಳಮ್ಮ ನಕ್ಕಳು. ಆಮೇಲೆ ಮೆಲ್ಲಗೆ, "ಆದ್ರೆ ನಗುವ ಮುಂಚೆ ಒಂದು ಸಲ ನಿಲ್ತಾರೆ ಅಣ್ಣ. ಎಡಗಣ್ಣು ಅರ್ಧ ಮುಚ್ಚಿ. ಯಾವಾಗ ಅಂತ ನಂಗೆ ಗೊತ್ತುಟ್ಟು. ನಾ ಹೇಳ್ತೇನೆ, ನೀವು ಒತ್ತಿ."

ಗುರುವಾರ ಸಂಜೆ ಅವಳು ಗಂಡಸರ ಕಡೆ ಬಂದು ಕ್ಯಾಮೆರಾದ ಪಕ್ಕ ನಿಂತಳು. ಯಾರೋ ಬೇಕೆಂದೇ ಕೆಮ್ಮಿದ. ಸಣ್ಣಸ್ವಾಮಿ ತಿರುಗಿ ನೋಡಿದ. ಕೆಮ್ಮು ವಾಸಿಯಾಯಿತು.

ದೀಪ ಆರಿತು. ಡೇರೆಯ ಸಂದಿಯಿಂದ ಕಾಫಿ ಹೂವಿನ ವಾಸನೆ ತೆವಳಿಕೊಂಡು ಒಳಗೆ ಬಂತು. ಅವರ ತಲೆಯ ಮೇಲೆ ಬೆಳಕಿನ ಕೋಲು ಹಾದುಹೋಗಿ, ಅದರಲ್ಲಿ ಬೀಡಿಯ ಹೊಗೆ ಹೊಳೆನೀರಿನ ಹಾಗೆ ಹರಿಯುತ್ತಿತ್ತು. ಆ ಹೊಳೆ ಹೋಗಿ ಮುಟ್ಟಿದ ಕಡೆ ಲಾರಿ ಬಂತು. ಸತ್ತವನು ಇಳಿದ. ಮುಖ ಒರೆಸಿಕೊಂಡ. ಸಣ್ಣಸ್ವಾಮಿಗೆ ತಾನು ಡೇರೆಯಲ್ಲಿದ್ದೇನೆಯೋ ಅಣೆಕಟ್ಟಿನ ಮೇಲಿದ್ದೇನೆಯೋ ತಿಳಿಯಲಿಲ್ಲ. ಈಗ ಆ ಮನುಷ್ಯ ಬೊಳ್ಳಮ್ಮನನ್ನು ಹೆಸರು ಹಿಡಿದು ಕರೆಯುತ್ತಾನೆ ಅನ್ನಿಸಿತು.

"ಈಗ," ಎಂದಳು ಬೊಳ್ಳಮ್ಮ, ಉಸಿರಿನಷ್ಟೇ ಸಣ್ಣಗೆ.

ಅವನು ಒತ್ತಿದ.

ಶುಕ್ರವಾರ ಪೆಟ್ಟಿಗೆ ಹೋಯಿತು. ಸಣ್ಣಸ್ವಾಮಿ ಕತ್ತಲೆಕೋಣೆಯ ಕೆಂಪು ದೀಪದಡಿ ಕೂತ. ನೀರಿನೊಳಗಿನ ಬಿಳಿ ಕಾಗದದಲ್ಲಿ ಮೊದಲು ಟವಲು, ಆಮೇಲೆ ಹುಬ್ಬು, ಆಮೇಲೆ ಮುಖ, ನಿದ್ದೆಯಿಂದ ಏಳುವವನ ಹಾಗೆ ಎದ್ದು ಬಂತು. ಲಾರಿಯನ್ನೂ ಸುತ್ತಲಿನ ಕೂಲಿಯವರನ್ನೂ ಅವನು ಹೊರಗಿಟ್ಟ. ಮುಖವೊಂದನ್ನೇ ದೊಡ್ಡದು ಮಾಡಿ ಅದರಿಂದ ಇನ್ನೊಂದು ನೆಗೆಟಿವ್ ತೆಗೆದ. ನೋಡಿದರೆ ಹಣೆಯಿಂದ ದವಡೆಗೆ ಉದ್ದಕ್ಕೂ ಒಂದು ಗೆರೆ! ಡೇರೆಯ ಪರದೆ ಎರಡು ಬಟ್ಟೆ ಸೇರಿಸಿ ಹೊಲಿದದ್ದು; ಆ ಹೊಲಿಗೆ ಸಾಂತಪ್ಪನ ಎಡಗಣ್ಣಿನ ಮಗ್ಗುಲಲ್ಲೇ ಹಾದುಹೋಗಿತ್ತು.

ಮೂರು ದಿನ ಕೂತು ಪೆನ್ಸಿಲಿನಿಂದ ಹೊಲಿಗೆ ಬಿಚ್ಚಿದ. ಹೊರಗೆ ಸಂತೆ ನೆರೆದು ಕರಗಿದ್ದು ಕಿವಿಗೆ ಬೀಳಲಿಲ್ಲ. ಹಣೆ ನುಣುಪಾಯಿತು, ಕೆನ್ನೆ ತುಂಬಿತು, ಕೈ ತನ್ನಷ್ಟಕ್ಕೆ ಕಣ್ಣಿಗೂ ಹೋಯಿತು. ಮುಗಿದಾಗ ಅವನಿಗೆ ಹೆಮ್ಮೆಯಾಯಿತು. ಇಂಥ ಕೆಲಸ ಮಡಿಕೇರಿಯಲ್ಲೂ ಯಾರೂ ಮಾಡಿರಲಿಕ್ಕಿಲ್ಲ.

ಬೊಳ್ಳಮ್ಮ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬಾಗಿಲ ಬೆಳಕಿಗೆ ಒಯ್ದು ನೋಡಿದಳು. ಮರ್ಯಾದೆಗೆ ಕಮ್ಮಿಯಾಗದಂತೆ ಮೇಜಿನ ಮೇಲಿಟ್ಟಳು.

"ಚೆಂದ ಇದ್ದಾರೆ," ಎಂದಳು. "ಯಾರು ಇವರು?"

ಸಣ್ಣಸ್ವಾಮಿಯ ನೆತ್ತಿಗೇರಿತು. "ಯಾರು ಅಂದ್ರೆ? ಮೂರು ದಿನ ಅನ್ನ ನೀರು ಬಿಟ್ಟು ಕೂತಿದ್ದೀನಿ! ಗಂಡನ ಗುರುತು ಹಿಡಿಯಾಕೆ ಬರಲ್ವ ನಿಂಗೆ?"

ಅವಳು ಅಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಎಡಗೈ ಎತ್ತಿ ತನ್ನ ಎಡಗಣ್ಣನ್ನು ಬೆರಳಿಂದ ಅರ್ಧ ಮುಚ್ಚಿ, ಹಾಗೇ ಅವನನ್ನು ನೋಡಿದಳು.

ಸಣ್ಣಸ್ವಾಮಿ ಮೇಜಿನ ಮೇಲಿನ ಫೋಟೋವನ್ನು ತನ್ನ ಕಡೆ ತಿರುಗಿಸಿಕೊಂಡ. ಅವಳು ಹೇಳಿಯೇ ಇದ್ದಳಲ್ಲ, ಎಡಗಣ್ಣು ಅರ್ಧ ಮುಚ್ಚಿ ಅಂತ! ಆ ಗಳಿಗೆಯನ್ನು ಕಾದು ಹಿಡಿದವನೂ ತಾನೇ, ಪೆನ್ಸಿಲಿನಿಂದ ಅದನ್ನು ಹುಗಿದವನೂ ತಾನೇ. ತನಗೇ ನಾಲ್ಕು ಬೈದುಕೊಂಡು ಕತ್ತಲೆಕೋಣೆಗೆ ಹೋದ. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ನೆಗೆಟಿವ್ ಒರೆಸಿದ. ಮೂರು ದಿನದ ಕೆಲಸ ಒಂದು ಒರೆತಕ್ಕೆ ಹೋಯಿತು. ಇನ್ನೊಂದು ಪ್ರತಿ ತೆಗೆದು, ನೀರು ಸೋರುತ್ತಿದ್ದ ಹಾಗೇ ತಂದ.

ಹೊಲಿಗೆ ವಾಪಸು ಬಂದಿತ್ತು. ಅದರ ಮಗ್ಗುಲಲ್ಲಿ ಎಡಗಣ್ಣು ಅರ್ಧ ಮುಚ್ಚಿಕೊಂಡು, ಇನ್ನೇನು ನಗಬೇಕು ಅನ್ನುವಂತಿತ್ತು.

ಬೊಳ್ಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಕಣ್ಣು ಮುಟ್ಟಲ್ಲವ್ವ," ಎಂದ ಸಣ್ಣಸ್ವಾಮಿ. ಅವನ ದನಿ ಅಷ್ಟು ತಗ್ಗಿದ್ದನ್ನು ಆ ಅಂಗಡಿಯ ಗೋಡೆಗಳು ಅದೇ ಮೊದಲು ಕೇಳಿದ್ದು. "ಹೊಲಿಗೆ ಒಂದನ್ನ ಮುಚ್ಚಿಕೊಡ್ತೀನಿ."

"ಬೇಡ ಅಣ್ಣ. ಇನ್ನು ಕೈ ಹಾಕಬೇಡಿ." ಅವಳು ಒದ್ದೆ ಫೋಟೋವನ್ನು ಅಂಗೈ ಮೇಲೆ ಅಂಗಾತ ಹಿಡಿದು, ತುಂಬಿದ ಬಟ್ಟಲು ಒಯ್ಯುವವಳಂತೆ ಮೆಟ್ಟಿಲಿಳಿದಳು. ಗದ್ದೆಬದುವಿನ ಮೇಲೆ ಅವಳು ಸಣ್ಣಗಾಗುವವರೆಗೂ ಸಣ್ಣಸ್ವಾಮಿ ನೋಡುತ್ತಿದ್ದ.

ತಿದ್ದಿದ ಪ್ರತಿಯನ್ನು ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಅಂಗಡಿಯ ಗಾಜಿನೊಳಗೆ ನೇತುಹಾಕಿದ. ಎರಡೂ ಕಣ್ಣು ಅರಳಿಸಿದ ಆ ಚೆಲುವನನ್ನು ಕಂಡು ಬಾಳೆಲೆ ಊರಿನಿಂದ ಬಂದವರೂ ಹುದಿಕೇರಿಯಿಂದ ಬಂದವರೂ, "ಯಾರಪ್ಪ ಇದು, ಸಿನಿಮಾದವರಾ?" ಎಂದು ಕೇಳುತ್ತಿದ್ದರು.

"ಯಾರೂ ಅಲ್ಲ, ಹೋಗ್ರೀ," ಎನ್ನುತ್ತಿದ್ದ ಸಣ್ಣಸ್ವಾಮಿ.

ಬೊಳ್ಳಮ್ಮ ಸಂತೆಯ ದಿನ ಮಗಳ ಕೈ ಹಿಡಿದು ಅದೇ ಗಾಜಿನ ಮುಂದೆ ಹಾದುಹೋಗುತ್ತಿದ್ದಳು. "ಊಟ ಆತಾ ಅಣ್ಣ?" ಎಂದು ಒಳಗೆ ಕೂತವನನ್ನು ವಿಚಾರಿಸುತ್ತಿದ್ದಳು. ಗಾಜಿನೊಳಗಿದ್ದವನ ಕಡೆ ಒಂದು ದಿನವೂ ತಲೆಯೆತ್ತಿ ನೋಡಲಿಲ್ಲ. ಪರಪುರುಷನಲ್ಲವೇ.