ಆಸ್ಟ್ರೇಲಿಯಾದ ಗಾಯಕಿಯನ್ನು ಕುರಿತ ನನ್ನ ಭಾಷಣ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ಮದರಾಸಿನಲ್ಲಿ ಬಿ.ಎ. ಮುಗಿಸಿ ಉದ್ದನಪಲ್ಲಿಗೆ ಮರಳಿದ್ದೆ. ನಮ್ಮ ವಂಶದಲ್ಲಿ ಅದಕ್ಕೆ ಮೊದಲು ಯಾರೂ ಪದವಿ ಪಡೆದಿರಲಿಲ್ಲ. ಆಗ ಹೊಸೂರಿನ ಶಾಲೆಯೊಂದರಲ್ಲಿ ಉಪಾಧ್ಯಾಯರ ಹುದ್ದೆ ತೆರವಾಗಿತ್ತು, ನಾನು ಅರ್ಜಿ ಹಾಕಿದ್ದೆ. ವರ್ಗವಾಗಿ ಹೋದ ದೊರೆಯೊಬ್ಬರು ತಮ್ಮ ಗ್ರಾಮಫೋನನ್ನೂ ಆಸ್ಟ್ರೇಲಿಯಾದ ಪ್ರಸಿದ್ಧ ಗಾಯಕಿಯೊಬ್ಬರ ಪ್ಲೇಟನ್ನೂ ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದರು. ಅದನ್ನು ಜನರಿಗೆ ಕೇಳಿಸುವ ಸಂಜೆ ಗಾಯಕಿಯ ಜೀವನವನ್ನು ಕುರಿತು ನಾನು ಮಾತನಾಡಬೇಕೆಂದು ಅವರು ಸೂಚಿಸಿದರು. ಹುದ್ದೆಗೆ ಅದೇ ಪರೀಕ್ಷೆಯೆಂಬುದು ಸ್ಪಷ್ಟವಿತ್ತು.

ಇಂಗ್ಲಿಷ್ ಪತ್ರಿಕೆಯ ಲೇಖನವೊಂದು ಸಿಕ್ಕಿತು. ಆಕೆ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದ್ದು, ಇಗರ್ಜಿಯಲ್ಲಿ ಹಾಡಿದ್ದು, ಹಡಗೇರಿ ಲಂಡನ್ನಿಗೆ ಹೋದದ್ದು, ರೇಡಿಯೋದಲ್ಲಿ ಸೈನಿಕರಿಗಾಗಿ ಹಾಡುತ್ತಿದ್ದುದು ಎಲ್ಲವೂ ಅದರಲ್ಲಿತ್ತು. ದನಿ ಹೇಗಿತ್ತೆಂಬುದು ಮಾತ್ರ ಇರಲಿಲ್ಲ. ಪ್ಲೇಟನ್ನು ಒಮ್ಮೆ ಕೇಳಿಸಿರೆಂದು ಬೇಡಲು ಸಂಕೋಚವಾಯಿತು. ಪದವೀಧರನಿಗೆ ಇಷ್ಟೂ ತಿಳಿಯದೇ ಎಂದಾರು. ಆ ಕೊರತೆಯನ್ನು ನಾನೇ ತುಂಬಿದೆ.

"ಇವರದು ವಸಂತದ ಕೋಗಿಲೆಯ ಕಂಠ. ಎಳೆಯ ಬಾಲಿಕೆಯ ದನಿಯಂತೆ ಸಪೂರ, ಸುಮಧುರ" ಎಂದು ಭಾಷಣ ಮುಗಿಸಿದೆ. ನನ್ನ ಭಾಷಣ ಕೇಳಲು ಊರಿನಿಂದ ಚಿಕ್ಕಪ್ಪನೊಡನೆ ಬಂದು ಹೆಂಗಸರ ಚಾಪೆಯಲ್ಲಿ ಕುಳಿತಿದ್ದ ಅವ್ವ ಅಕ್ಕಪಕ್ಕದವರ ಮುಖ ನೋಡಿದಳು.

ಪ್ಲೇಟು ತಿರುಗಿತು. ಹೊರಬಂದದ್ದು ಗುಡಾಣದ ತಳದಿಂದೆದ್ದಂತಹ, ಗಂಡಸಿನದೆನ್ನಬಹುದಾದ ದಪ್ಪ ದನಿ.

"ಲೋ, ಕೋಗ್ಲೆ ಅಂದ್ಯಲ್ಲ, ಇದ್ಯಾವ ಗೂಳಿ ಕಣ್ಲಾ?" ಎಂದು ಚಿಕ್ಕಪ್ಪ ಕೂಗಿದ.

"ಕೋಗ್ಲೆಗೆ ನೆಗ್ಡಿ ಆಗೈತೆ ಬುಡಣ್ಣ" ಎಂದರು ಹಿಂದಿನಿಂದ ಯಾರೋ. ಸಭೆಯೆಲ್ಲ ನಕ್ಕಿತು.

"ಯಂತ್ರದ ಕೀಲಿ ಸಡಿಲಗೊಂಡು ವೇಗ ತಗ್ಗಿರಬಹುದು" ಎಂದೆ ನಾನು, ಆಗಲೂ ವಾಕ್ಯ ಶುದ್ಧವಾಗಿರುವಂತೆ ಎಚ್ಚರ ವಹಿಸಿ. ಮುಖ್ಯೋಪಾಧ್ಯಾಯರು ಎದ್ದು, ಕೀಲಿಯನ್ನು ಪೂರ್ತಿ ತಿರುಗಿಸಿ, ಮುಳ್ಳನ್ನು ಮೊದಲಿನಿಂದ ಇಟ್ಟರು. ಅದೇ ದನಿ ಬಂದಿತು.

"ಸುಮ್ಕಿರ್ರಪ್ಪ, ಚೆಂದಾಗಿ ಹಾಡ್ತಾವ್ಳೆ. ಕೇಳಾನ" ಎಂದಳು ಅವ್ವ. ನಗು ನಿಂತಿತು. ಜನ ನಿಜವಾಗಿಯೂ ಕೇಳತೊಡಗಿದರು.

ಮುಖ್ಯೋಪಾಧ್ಯಾಯರು ನನ್ನತ್ತ ಬಾಗಿ, "ಈ ಹಾಡನ್ನು ಮೊದಲು ಕೇಳಿದ್ದಿರಾ?" ಎಂದರು.

"ಇಲ್ಲ, ಸಾರ್."

"ಈಗಲಾದರೂ ಕೂತು ಕೇಳಿ."

ಕುಳಿತೆ. ಕಿವಿಗಳು ಕಾದ ಹಂಚಿನಂತಾಗಿದ್ದವು. ಹಾಡಿನ ಒಂದಕ್ಷರವೂ ಒಳಗಿಳಿಯಲಿಲ್ಲ. ಪ್ಲೇಟು ಮುಗಿದ ಮೇಲೆ ಜನ ಇನ್ನೊಮ್ಮೆ ಹಾಕಿರೆಂದರು, ಮುಖ್ಯೋಪಾಧ್ಯಾಯರು ಹಾಕಿದರು. ಹುದ್ದೆಯ ವಿಚಾರವನ್ನು ಅವರು ಎತ್ತಲಿಲ್ಲ. ಕೇಳಲು ನನಗೆ ಮುಖವಿರಲಿಲ್ಲ.